ಘಾತದಲ್ಲಿ ಮೈನಸ್ ಬಂದಾಗ ಎಡವುವುದು ಎಲ್ಲಿ?

ಕಳೆದ ಸಲ ಘಾತಾಂಕಗಳ ಬಗ್ಗೆ ಬರೆದ ಮೇಲೆ ತುಂಬ ಪತ್ರಗಳು ಬಂದಿವೆ. ಓದುತ್ತಾ ಹೋದಂತೆ ಒಂದು ವಿಷಯ ಕಣ್ಣಿಗೆ ಬಿತ್ತು. ಬರೆದವರ ವಯಸ್ಸು ಬೇರೆ, ತರಗತಿ ಬೇರೆ, ಲೆಕ್ಕವೂ ಬೇರೆ, ಆದರೆ ಹೆಚ್ಚಿನವರು ಸಿಕ್ಕಿಹಾಕಿಕೊಂಡಿರುವ ಜಾಗ ಒಂದೇ: ಭಿನ್ನರಾಶಿಯ ಒಳಗೆ ಮೈನಸ್ ಘಾತ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ.

ಮೊದಲೇ ಒಂದು ಮಾತು. ಪುಸ್ತಕಗಳಲ್ಲಿ ಎಕ್ಸ್, ವೈ ಎಂದು ಇರುವ ಕಡೆ ನಾನು ಅ, ಬ ಎಂದು ಬರೆಯುತ್ತೇನೆ. ಅಬ ಎಂದರೆ ಅ ಗುಣಿಸು ಬ. ಘಾತ ಎಂದರೆ ಅಕ್ಷರದ ತಲೆಯ ಮೇಲಿನ ಸಣ್ಣ ಸಂಖ್ಯೆ. ಅದು ಮೈನಸ್ ಆದಾಗ ಅ⁻¹ ಎಂದರೆ 1/ಅ, ಅ⁻² ಎಂದರೆ 1/ಅ². ಈ ಅರ್ಥ ಎಲ್ಲಿಂದ ಬಂತು ಅನ್ನುವುದು ಎರಡನೇ ಪತ್ರದಲ್ಲಿದೆ. ಘಾತದಲ್ಲಿ ಮೈನಸ್ ಇರುವ ಅಕ್ಷರದ ಬೆಲೆ ಸೊನ್ನೆ ಅಲ್ಲ ಎಂದು ಇಟ್ಟುಕೊಳ್ಳೋಣ. ಯಾಕೆ ಅನ್ನುವುದು ಕೊನೆಯ ಪತ್ರದಲ್ಲಿ ಬರುತ್ತದೆ.

ಪ್ರಶ್ನೆ: ಮೇಡಂ, (ಅ⁻¹ + ಬ⁻¹)/(ಅ⁻² − ಬ⁻²) ಇದನ್ನು ಸುಲಭ ರೂಪಕ್ಕೆ ತರಬೇಕಿತ್ತು. ಮೈನಸ್ ಘಾತ ಇದ್ದರೆ ಕೆಳಗಿನದು ಮೇಲೆ, ಮೇಲಿನದು ಕೆಳಗೆ ಎಂದು ಕ್ಲಾಸಿನಲ್ಲಿ ಹೇಳಿಕೊಟ್ಟಿದ್ದಾರೆ. ಹಾಗೇ ಮಾಡಿದೆ. (ಅ² − ಬ²)/(ಅ + ಬ) ಬಂತು. ಅದು ಅ − ಬ. ಪುಸ್ತಕದ ಹಿಂದೆ ನೋಡಿದರೆ ಉತ್ತರ ಅಬ/(ಬ − ಅ). ಮೂರು ಸಲ ಮಾಡಿದರೂ ನನಗೆ ಅ − ಬ ಅಂತಲೇ ಬರುತ್ತಿದೆ. ಪುಸ್ತಕ ತಪ್ಪಾ, ನಾನಾ? ನೋಟ್ಸಿನ ಫೋಟೋ ಕಳಿಸಿದ್ದೇನೆ.

ಉತ್ತರ: ಪುಸ್ತಕ ಸರಿ ಇದೆ. ನಿಮ್ಮ ತಪ್ಪು ಎಲ್ಲಿ ಆಗಿದೆ ಎಂದು ನಿಮ್ಮ ಫೋಟೋದಲ್ಲೇ ಸ್ಪಷ್ಟವಾಗಿ ಕಾಣುತ್ತದೆ. ಪೆನ್ಸಿಲ್ಲಿನಲ್ಲಿ ನಾಲ್ಕು ಬಾಣ ಎಳೆದಿದ್ದೀರಿ. ಎರಡು ಕೆಳಗಿನಿಂದ ಮೇಲಕ್ಕೆ, ಎರಡು ಮೇಲಿನಿಂದ ಕೆಳಕ್ಕೆ. ನಾಲ್ಕು ಪದಗಳೂ ಜಾಗ ಬದಲಿಸಿವೆ. ಆ ಬಾಣಗಳ ನಡುವೆ ಇರುವ ಪ್ಲಸ್ ಚಿಹ್ನೆಯನ್ನು ನೋಡಿ. ಅದನ್ನು ನೀವು ಗಮನಕ್ಕೇ ತೆಗೆದುಕೊಂಡಿಲ್ಲ. ಇಡೀ ಲೆಕ್ಕ ನಿಂತಿರುವುದು ಆ ಪ್ಲಸ್ ಮೇಲೆ.

ಯಾರು ಸರಿ ಎಂದು ತಿಳಿಯಲು ಮೊದಲು ಸಂಖ್ಯೆ ಹಾಕಿ ನೋಡೋಣ. ಬೀಜಗಣಿತದಲ್ಲಿ ಅನುಮಾನ ಬಂದಾಗ ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ಅ = 1, ಬ = 2 ಇರಲಿ. ಮೇಲೆ 1 + 1/2, ಅಂದರೆ 3/2. ಕೆಳಗೆ 1 − 1/4, ಅಂದರೆ 3/4. ಭಾಗಿಸಿದರೆ 2. ಪುಸ್ತಕದ ಉತ್ತರಕ್ಕೆ ಅದೇ ಬೆಲೆ ಹಾಕಿದರೆ 2/(2 − 1), ಅದೂ 2. ನಿಮ್ಮ ಅ − ಬ ಗೆ ಹಾಕಿದರೆ −1. ಅರ್ಧ ನಿಮಿಷದ ಕೆಲಸ. ಮೂರು ಸಲ ಅದೇ ದಾರಿಯಲ್ಲಿ ಲೆಕ್ಕ ಮಾಡುವ ಬದಲು ಒಂದು ಸಲ ಹೀಗೆ ನೋಡಿದ್ದರೆ ಆಗಲೇ ಗೊತ್ತಾಗುತ್ತಿತ್ತು, ಅಲ್ವಾ?

ಈಗ ಯಾಕೆ ಹೀಗಾಯಿತು ಅನ್ನುವುದು. "ಕೆಳಗಿನದು ಮೇಲೆ, ಮೇಲಿನದು ಕೆಳಗೆ" ಎಂಬ ಮಾತು ಸುಳ್ಳಲ್ಲ, ಆದರೆ ಅದು ಅರ್ಧ ಮಾತು. ಅದು ಎಲ್ಲಿಂದ ಬಂತು ಎಂದು ನೋಡಿ. (ಅ⁻²ಬ³)/(ಅ⁴ಬ⁻¹) ಎಂಬ ಲೆಕ್ಕ ಇದೆ ಅಂದುಕೊಳ್ಳಿ. ಭಿನ್ನರಾಶಿಯ ಮೇಲೆ ಕೆಳಗೆ ಎರಡನ್ನೂ ಒಂದೇ ಸಂಖ್ಯೆಯಿಂದ ಗುಣಿಸಿದರೆ ಬೆಲೆ ಬದಲಾಗುವುದಿಲ್ಲ, ಇದು ಎಲ್ಲರಿಗೂ ಗೊತ್ತಿರುವುದೇ. ಎರಡನ್ನೂ ಅ²ಬ ಯಿಂದ ಗುಣಿಸೋಣ. ಮೇಲೆ ಅ⁻² ಮತ್ತು ಅ² ಸೇರಿ 1 ಆಗುತ್ತದೆ, ಬ³ ಇದ್ದದ್ದು ಬ⁴ ಆಗುತ್ತದೆ. ಕೆಳಗೆ ಅ⁴ ಇದ್ದದ್ದು ಅ⁶ ಆಗುತ್ತದೆ, ಬ⁻¹ ಮತ್ತು ಬ ಸೇರಿ 1. ಉತ್ತರ ಬ⁴/ಅ⁶. ನೋಡುವವರಿಗೆ ಅ⁻² ಕೆಳಗಿಳಿದು ಅ² ಆಯಿತು, ಬ⁻¹ ಮೇಲೇರಿ ಬ ಆಯಿತು ಎಂದು ಅನ್ನಿಸುತ್ತದೆ. ನಿಜವಾಗಿ ಏನೂ ಏರಿಲ್ಲ, ಏನೂ ಇಳಿದಿಲ್ಲ. ಮೇಲೂ ಕೆಳಗೂ ಒಂದೇ ಸಂಖ್ಯೆಯಿಂದ ಗುಣಿಸಿದ್ದೇವೆ, ಅಷ್ಟೇ.

ಈ ಲೆಕ್ಕದಲ್ಲಿ ಮೇಲಿನದೆಲ್ಲ ಬರೀ ಗುಣಾಕಾರ, ಕೆಳಗಿನದೂ ಬರೀ ಗುಣಾಕಾರ. ಅದಕ್ಕೇ ಬಾಣ ಎಳೆದರೂ ಸರಿಯಾಯಿತು. ನಿಮ್ಮ ಲೆಕ್ಕದಲ್ಲಿ ಮೇಲೆ ಎರಡು ಪದ ಕೂಡಿಕೊಂಡಿವೆ. ಅ⁻¹ ಹೋಗಲಿ ಎಂದು ಅ ಯಿಂದ ಗುಣಿಸಿದರೆ ಅ⁻¹ ಏನೋ 1 ಆಗುತ್ತದೆ, ಆದರೆ ಪಕ್ಕದಲ್ಲಿರುವ ಬ⁻¹ ಕೂಡ ಆ ಗುಣಾಕಾರಕ್ಕೆ ಸಿಕ್ಕಿ ಅಬ⁻¹ ಆಗುತ್ತದೆ. ಅದನ್ನು ತಪ್ಪಿಸಲು ಆಗುವುದಿಲ್ಲ. ಗುಣಾಕಾರದಲ್ಲಿ ಕೂತಿರುವುದು ಒಂಟಿಯಾಗಿ ದಾಟಬಹುದು, ಕೂಡಿಸಿ ಕಳೆದು ಕೂತಿರುವುದು ಒಂಟಿಯಾಗಿ ದಾಟುವಂತಿಲ್ಲ. ನೋಟ್ಸಿನ ಮೂಲೆಯಲ್ಲಿ ಇದನ್ನೇ ಬರೆದಿಟ್ಟುಕೊಳ್ಳಿ.

ಹಾಗಾದರೆ ಲೆಕ್ಕ ಮಾಡುವುದು ಹೇಗೆ? ಯಾವುದರಿಂದ ಗುಣಿಸಿದರೆ ಎಲ್ಲ ಮೈನಸ್ ಘಾತಗಳೂ ಒಂದೇ ಏಟಿಗೆ ಹೋಗುತ್ತವೆ ಎಂದು ನೋಡಬೇಕು. ಇಡೀ ಲೆಕ್ಕದಲ್ಲಿ ಅ ಗೆ ಇರುವ ಅತಿ ಕೆಳಗಿನ ಘಾತ −2. ಬ ಗೂ −2. ಹಾಗಾದರೆ ಅ²ಬ² ಸಾಕು. ಮೇಲೆ ಗುಣಿಸಿ: ಅ⁻¹ × ಅ²ಬ² = ಅಬ², ಬ⁻¹ × ಅ²ಬ² = ಅ²ಬ. ಕೂಡಿದರೆ ಅಬ² + ಅ²ಬ, ಅಂದರೆ ಅಬ(ಬ + ಅ). ಕೆಳಗೆ ಗುಣಿಸಿ: ಬ² − ಅ². ಇಲ್ಲಿ ನಿಧಾನವಾಗಿ ನೋಡಿ, ಅ⁻² ಇದ್ದ ಜಾಗದಲ್ಲಿ ಈಗ ಬ² ಇದೆ, ಬ⁻² ಇದ್ದ ಜಾಗದಲ್ಲಿ ಅ² ಇದೆ. ಚಿಹ್ನೆ ತಪ್ಪುವವರು ಹೆಚ್ಚಾಗಿ ಇಲ್ಲೇ ತಪ್ಪುವುದು. ಬ² − ಅ² ಅನ್ನು (ಬ − ಅ)(ಬ + ಅ) ಎಂದು ಬಿಡಿಸಿ, ಮೇಲಿನ (ಬ + ಅ) ಜೊತೆ ಹೊಡೆದುಹಾಕಿ. ಉಳಿಯುವುದು ಅಬ/(ಬ − ಅ).

ಇನ್ನೊಂದು ದಾರಿ ಇದೆ, ನನಗೆ ಇದೇ ಜಾಸ್ತಿ ಇಷ್ಟ. ಅ⁻¹ ಅನ್ನು ಪ ಎನ್ನಿ, ಬ⁻¹ ಅನ್ನು ಮ ಎನ್ನಿ. ಆಗ ಅ⁻² ಎಂದರೆ ಪ², ಬ⁻² ಎಂದರೆ ಮ². ಲೆಕ್ಕ (ಪ + ಮ)/(ಪ² − ಮ²) ಆಯಿತು. ಇದನ್ನು ನೋಡಿದ ಕೂಡಲೇ ಯಾರಾದರೂ 1/(ಪ − ಮ) ಎಂದು ಹೇಳುತ್ತಾರೆ. ಪ, ಮ ತೆಗೆದು ಹಳೆಯದನ್ನು ಹಾಕಿದರೆ 1/(ಅ⁻¹ − ಬ⁻¹). ಮೇಲೆ ಕೆಳಗೆ ಅಬ ಯಿಂದ ಗುಣಿಸಿದರೆ ಅಬ/(ಬ − ಅ). ಎರಡೇ ಸಾಲು. ಮೈನಸ್ ಘಾತ ನೋಡಿ ಗಾಬರಿಯಾದಾಗ ಅದಕ್ಕೊಂದು ಹೊಸ ಹೆಸರು ಕೊಟ್ಟು ನೋಡಿ, ಎಷ್ಟೋ ಸಲ ಒಳಗೆ ನಮಗೆ ಗೊತ್ತಿರುವ ಸೂತ್ರವೇ ಕೂತಿರುತ್ತದೆ.

ಪ್ರಶ್ನೆ: ನಾನು ಓದು ಬಿಟ್ಟು ಇಪ್ಪತ್ತು ವರ್ಷವಾಯಿತು. ಮಗಳಿಗೆ ಲೆಕ್ಕ ಹೇಳಿಕೊಡಲು ಕೂತರೆ ಅವಳು ಕೇಳಿದಳು: "ಅಮ್ಮಾ, 2³ ಅಂದರೆ 2 ಅನ್ನು ಮೂರು ಸಲ ಬರೆದು ಗುಣಿಸುವುದು. 2⁻³ ಅಂದರೆ ಮೈನಸ್ ಮೂರು ಸಲ ಬರೆಯೋದು ಹೇಗೆ?" ಅದು ರೂಲ್ಸು, ಸುಮ್ನೆ ಬಾಯಿಪಾಠ ಮಾಡು ಎಂದುಬಿಟ್ಟೆ. ಆಮೇಲೆ ಬೇಜಾರಾಯಿತು. ಅವಳಿಗೆ ಏನು ಹೇಳಲಿ?

ಉತ್ತರ: ಮಗಳು ಕೇಳಿದ್ದು ತುಂಬ ಒಳ್ಳೆಯ ಪ್ರಶ್ನೆ. ಮೈನಸ್ ಮೂರು ಸಲ ಬರೆಯಲು ಯಾರಿಂದಲೂ ಆಗುವುದಿಲ್ಲ, ಅವಳು ಹೇಳಿದ್ದು ನಿಜ. "ಇಷ್ಟು ಸಲ ಬರೆದು ಗುಣಿಸು" ಎಂಬ ಅರ್ಥ 1, 2, 3 ಇಂಥ ಘಾತಗಳಿಗೆ ಮಾತ್ರ ಸಲ್ಲುತ್ತದೆ. ಅದರಾಚೆಗೆ ಹೋಗಬೇಕಾದರೆ ಬೇರೆ ಅರ್ಥ ಬೇಕು. ಆ ಅರ್ಥವನ್ನು ಹುಡುಕುವುದು ಹೇಗೆ ಎಂದು ಅವಳಿಗೆ ತೋರಿಸಿ.

ಒಂದು ಹಾಳೆಯಲ್ಲಿ ಮೇಲಿಂದ ಕೆಳಗೆ ಬರೆಸಿ: 2⁴ = 16, 2³ = 8, 2² = 4, 2¹ = 2. ಒಂದೊಂದು ಮೆಟ್ಟಿಲು ಇಳಿದಾಗ ಏನಾಗುತ್ತಿದೆ ಎಂದು ಕೇಳಿ. ಅರ್ಧ ಆಗುತ್ತಿದೆ ಎಂದು ಅವಳೇ ಹೇಳುತ್ತಾಳೆ. ಹಾಗಾದರೆ ಮುಂದಿನ ಮೆಟ್ಟಿಲು 2⁰ ಎಷ್ಟಿರಬೇಕು? 2ರ ಅರ್ಧ, 1. ಅದರ ಕೆಳಗೆ 2⁻¹? 1ರ ಅರ್ಧ, 1/2. ಆಮೇಲೆ 1/4, ಆಮೇಲೆ 1/8. ಅಲ್ಲಿಗೆ 2⁻³ = 1/8 ಎಂದು ಅವಳ ಕೈಯಲ್ಲೇ ಬರುತ್ತದೆ, ಬಾಯಿಪಾಠ ಬೇಕಿಲ್ಲ. ಮೈನಸ್ ಘಾತ ಇದ್ದ ಮಾತ್ರಕ್ಕೆ ಉತ್ತರ ಮೈನಸ್ ಆಗುವುದಿಲ್ಲ ಎಂಬುದೂ ಆ ಪಟ್ಟಿಯಲ್ಲೇ ಕಾಣುತ್ತದೆ: ಎಷ್ಟು ಇಳಿದರೂ ಸಂಖ್ಯೆ ಸಣ್ಣದಾಗುತ್ತಾ ಹೋಗುತ್ತದೆಯೇ ಹೊರತು ಸೊನ್ನೆಯನ್ನು ದಾಟಿ ಆಚೆ ಹೋಗುವುದಿಲ್ಲ.

ಅವಳು ಸ್ವಲ್ಪ ದೊಡ್ಡವಳಾಗಿದ್ದರೆ ಇನ್ನೊಂದು ರೀತಿಯಲ್ಲೂ ಹೇಳಬಹುದು. ಒಂದೇ ಆಧಾರ ಇದ್ದು ಗುಣಿಸಿದರೆ ಘಾತಗಳು ಕೂಡಿಕೊಳ್ಳುತ್ತವೆ. ಈ ನಿಯಮ ಮೈನಸ್ ಘಾತಕ್ಕೂ ನಡೆಯಬೇಕು ಎಂದು ನಾವು ಬಯಸಿದರೆ 2³ × 2⁻³ = 2⁰ = 1 ಆಗಲೇಬೇಕು. 8ನ್ನು ಯಾವುದರಿಂದ ಗುಣಿಸಿದರೆ 1 ಬರುತ್ತದೆ? 1/8. ಬೇರೆ ಉತ್ತರಕ್ಕೆ ಜಾಗವೇ ಇಲ್ಲ. ಹಳೆಯ ನಿಯಮ ಕೆಡಬಾರದು ಎಂಬ ಹಟದಿಂದ ಹುಟ್ಟಿದ ಅರ್ಥ ಇದು.

ಈ ಬರೆಯುವ ರೀತಿ ಒಂದೇ ದಿನದಲ್ಲಿ ಬಂದದ್ದೂ ಅಲ್ಲ. ಘಾತವನ್ನು ಅಕ್ಷರದ ತಲೆಯ ಮೇಲೆ ಸಣ್ಣ ಸಂಖ್ಯೆಯಾಗಿ ಬರೆಯುವುದನ್ನು ರೂಢಿಗೆ ತಂದದ್ದು ಫ್ರಾನ್ಸಿನ ಗಣಿತಜ್ಞ ಡೆಕಾರ್ಟೆ, 1637ರಲ್ಲಿ. ಅವರು ಬರೆದದ್ದು ಪ್ಲಸ್ ಘಾತಗಳನ್ನು ಮಾತ್ರ. 1676ರಲ್ಲಿ ನ್ಯೂಟನ್ ಒಂದು ಪತ್ರ ಬರೆದರು, ಜರ್ಮನಿಯ ಗಣಿತಜ್ಞ ಲೈಬ್ನಿಟ್ಸ್‌ಗೆ ತಲುಪಲಿ ಎಂದು ಲಂಡನ್ನಿನ ರಾಯಲ್ ಸೊಸೈಟಿಯ ಕಾರ್ಯದರ್ಶಿ ಓಲ್ಡೆನ್‌ಬರ್ಗ್ ಅವರಿಗೆ ಕಳಿಸಿದ್ದು. ಗಣಿತಜ್ಞರು ಅಅ, ಅಅಅ ಎಂದು ಬರೆಯುವ ಬದಲು ಅ², ಅ³ ಎಂದು ಬರೆಯುವಂತೆಯೇ ನಾನು 1/ಅ, 1/ಅಅ ಎಂದು ಬರೆಯುವ ಬದಲು ಅ⁻¹, ಅ⁻² ಎಂದು ಬರೆಯುತ್ತೇನೆ ಎಂಬ ಅರ್ಥದ ವಿವರಣೆ ಅದರಲ್ಲಿದೆ. ಅಷ್ಟು ದೊಡ್ಡ ವಿದ್ವಾಂಸರಿಗೆ ಬರೆಯುವಾಗಲೂ ಇದನ್ನು ಬಿಡಿಸಿ ಹೇಳಬೇಕಾಗಿತ್ತು. ನಿಮ್ಮ ಮಗಳು ಬಿಡಿಸಿ ಹೇಳು ಎಂದು ಕೇಳಿದ್ದರಲ್ಲಿ ಏನೂ ತಪ್ಪಿಲ್ಲ ಎಂದು ಅವಳಿಗೆ ಹೇಳಿ.

ಪ್ರಶ್ನೆ: 5ಅ⁻² ಅಂದರೆ 1/(5ಅ²) ತಾನೇ? ಹಾಗೆಯೇ −3⁻² ಎಷ್ಟು, 1/9 ಅಥವಾ −1/9? (2ಅ⁻³/ಬ)⁻² ಕೂಡ ಬಿಡಿಸಿ ತೋರಿಸಿ.

ಉತ್ತರ: ಮೊದಲನೆಯದು ಅಲ್ಲ. ಘಾತ ತನ್ನ ಕೆಳಗೆ ಅಂಟಿಕೊಂಡು ಇರುವುದನ್ನು ಮಾತ್ರ ಮುಟ್ಟುತ್ತದೆ. 5ಅ⁻² ಇದರಲ್ಲಿ ಅದು ಅಂಟಿಕೊಂಡಿರುವುದು ಅ ಗೆ, 5ಕ್ಕೆ ಅಲ್ಲ. ಹಾಗಾಗಿ 5/ಅ². ನೀವು ಬರೆದದ್ದು ಬರಬೇಕಾದರೆ 5(5ಅ)⁻² ಎಂದು ಇರಬೇಕು, ಸುಮ್ಮನೆ (5ಅ)⁻² ಎಂದರೆ 1/(25ಅ²) ಆಗುತ್ತದೆ. ಅದೇ ಕಾರಣಕ್ಕೆ −3⁻² = −1/9. ಮುಂದಿನ ಮೈನಸ್ ಹೊರಗೆ ನಿಂತಿದೆ. (−3)⁻² ಎಂದು ಕಂಸ ಹಾಕಿದ್ದರೆ 1/9.

ಮೂರನೆಯದರಲ್ಲಿ ಕಂಸದ ಒಳಗೆ ಬರೀ ಗುಣಾಕಾರ, ಭಾಗಾಕಾರ. ಆದ್ದರಿಂದ −2 ಎಲ್ಲರಿಗೂ ಹಂಚಿಹೋಗುತ್ತದೆ: 2⁻², ಅ⁶, ಬ². ಉತ್ತರ ಅ⁶ಬ²/4. ಒಳಗೆ ಒಂದೇ ಒಂದು ಪ್ಲಸ್ ಇದ್ದಿದ್ದರೂ ಹೀಗೆ ಹಂಚಲು ಬರುತ್ತಿರಲಿಲ್ಲ.

ಪ್ರಶ್ನೆ: (1 − 4ಅ⁻²)/(1 − ಅ⁻¹ − 2ಅ⁻²). ಅ² ಯಿಂದ ಗುಣಿಸಬೇಕು ಎಂದು ಗೊತ್ತಾಯಿತು. ಗುಣಿಸಿದಾಗ (1 − 4)/(1 − ಅ − 2) ಬಂತು. ಆದರೆ ಉತ್ತರ (ಅ + 2)/(ಅ + 1) ಅಂತೆ. ನನ್ನ ಉತ್ತರಕ್ಕೂ ಅದಕ್ಕೂ ಸಂಬಂಧವೇ ಇಲ್ಲ!

ಉತ್ತರ: 1ನ್ನು ಮರೆತಿದ್ದೀರಿ. ಮೈನಸ್ ಘಾತ ಇರುವ ಪದಗಳನ್ನು ಮಾತ್ರ ಅ² ಯಿಂದ ಗುಣಿಸಿ, ಏನೂ ತೊಂದರೆ ಕೊಡದೆ ಕೂತಿದ್ದ 1ನ್ನು ಹಾಗೇ ಬಿಟ್ಟಿದ್ದೀರಿ. ಗುಣಿಸುವುದು ಇಡೀ ಸಾಲಿಗೆ, ಬೇಕಾದ ಪದಕ್ಕೆ ಮಾತ್ರ ಅಲ್ಲ. ಮೇಲೆ ಅ² − 4, ಕೆಳಗೆ ಅ² − ಅ − 2 ಆಗಬೇಕು. ಮೇಲಿನದು (ಅ − 2)(ಅ + 2), ಕೆಳಗಿನದು (ಅ − 2)(ಅ + 1). (ಅ − 2) ಹೋದರೆ ಉಳಿಯುವುದು (ಅ + 2)/(ಅ + 1). ನಂಬಿಕೆಗೆ ಅ = 1 ಹಾಕಿ: ಕೊಟ್ಟ ಲೆಕ್ಕದಲ್ಲಿ −3/−2, ಉತ್ತರದಲ್ಲಿ 3/2. ಎರಡೂ ಒಂದೇ.

ಗುಣಿಸುವ ಮುಂಚೆ ಮೇಲಿನ ಸಾಲಿಗೊಂದು, ಕೆಳಗಿನ ಸಾಲಿಗೊಂದು ಕಂಸ ಹಾಕಿ, ಹೊರಗೆ ಅ² ಬರೆಯಿರಿ. ಒಂದು ಸ್ಟೆಪ್ ಜಾಸ್ತಿ ಆಗುತ್ತದೆ, ಆಗಲಿ. ಕಂಸ ಕಣ್ಣೆದುರಿಗೆ ಇದ್ದರೆ 1 ತಪ್ಪಿಸಿಕೊಳ್ಳುವುದಿಲ್ಲ.

ಪ್ರಶ್ನೆ: (ಅ + ಬ)⁻¹ = ಅ⁻¹ + ಬ⁻¹ ಅಲ್ಲ ಎಂದು ಎಲ್ಲರೂ ಹೇಳುತ್ತಾರೆ. ಸರಿ. ಆದರೆ ಯಾವುದಾದರೂ ಎರಡು ಸಂಖ್ಯೆಗೆ ಅಕಸ್ಮಾತ್ ಆಗಿ ಸಮ ಆಗಬಹುದಲ್ಲವೇ? ತುಂಬ ಹುಡುಕಿದೆ, ಸಿಗಲಿಲ್ಲ.

ಉತ್ತರ: ಹೀಗೆ ಹುಡುಕಿ ನೋಡುವವರನ್ನು ಕಂಡರೆ ನನಗೆ ಬಹಳ ಖುಷಿ. (ಅ + ಬ)² = ಅ² + ಬ² ತಪ್ಪು ಎನ್ನುತ್ತೇವೆ, ಆದರೂ ಒಂದು ಸೊನ್ನೆ ಆದರೆ ಅದು ನಿಜವಾಗುತ್ತದೆ. ಇಲ್ಲೂ ಅಂಥದ್ದೊಂದು ಸಿಗಬಹುದು ಎಂದು ನಿಮಗೆ ಅನ್ನಿಸಿದ್ದು ಸಹಜ.

ಹುಡುಕುವ ಬದಲು ಸಮೀಕರಣವನ್ನೇ ಕೇಳೋಣ. 1/(ಅ + ಬ) = 1/ಅ + 1/ಬ ಎಂದು ಇಟ್ಟುಕೊಳ್ಳಿ. ಬಲಗಡೆ ಕೂಡಿದರೆ (ಅ + ಬ)/ಅಬ. ಅಡ್ಡ ಗುಣಾಕಾರ ಮಾಡಿದರೆ ಅಬ = (ಅ + ಬ)². ಬಿಡಿಸಿದರೆ ಅ² + ಅಬ + ಬ² = 0. ಇದನ್ನು (ಅ + ಬ/2)² + 3ಬ²/4 = 0 ಎಂದು ಬರೆಯಬಹುದು. ಎರಡು ವರ್ಗಗಳು ಕೂಡಿ ಸೊನ್ನೆ ಆಗಬೇಕಾದರೆ ಎರಡೂ ಸೊನ್ನೆಯೇ ಆಗಬೇಕು, ಅಂದರೆ ಬ = 0, ಅ = 0. ಆದರೆ ಸೊನ್ನೆಗೆ ಮೈನಸ್ ಘಾತ ಇಲ್ಲ. ಹಾಗಾಗಿ ವಾಸ್ತವ ಸಂಖ್ಯೆಗಳಲ್ಲಿ ಒಂದೇ ಒಂದು ಜೋಡಿಯೂ ಇಲ್ಲ. ನಿಮಗೆ ಸಿಗದಿದ್ದುದು ಹುಡುಕಾಟದ ದೋಷ ಅಲ್ಲ. ಇದು ಕೆಲವು ಸಲ ಸರಿ, ಕೆಲವು ಸಲ ತಪ್ಪು ಅನ್ನುವ ಜಾತಿಯ ತಪ್ಪಲ್ಲ, ಯಾವಾಗಲೂ ತಪ್ಪು.

ಇದನ್ನು ಭೌತಶಾಸ್ತ್ರದ ಕಡೆಯಿಂದಲೂ ನೋಡಬಹುದು. 3 ಓಮ್, 6 ಓಮ್‌ನ ಎರಡು ರೋಧಕಗಳಿವೆ. ಸರಣಿಯಲ್ಲಿ ಜೋಡಿಸಿದರೆ ಒಟ್ಟು ರೋಧ 3 + 6, ಅಂದರೆ 9 ಓಮ್. ಸಮಾಂತರವಾಗಿ ಜೋಡಿಸಿದರೆ (3⁻¹ + 6⁻¹)⁻¹. ಒಳಗಿನದು 1/3 + 1/6 = 1/2, ಹೊರಗಿನ ಮೈನಸ್ ಒಂದರಿಂದ ಅದು 2 ಓಮ್ ಆಗುತ್ತದೆ. ಕೂಡಿದ ಪದಗಳ ಒಳಕ್ಕೆ ಮೈನಸ್ ಘಾತ ಹಂಚಿಹೋಗುತ್ತದೆ ಎನ್ನುವವರ ಪ್ರಕಾರ ಇಲ್ಲೂ 3 + 6 = 9 ಬರಬೇಕು. ಆಗ ಸರಣಿ ಜೋಡಣೆಗೂ ಸಮಾಂತರ ಜೋಡಣೆಗೂ ವ್ಯತ್ಯಾಸವೇ ಇರುತ್ತಿರಲಿಲ್ಲ! ಕರೆಂಟ್ ಹರಿಯಲು ಎರಡನೇ ದಾರಿ ತೆರೆದರೆ ರೋಧ ಕಡಿಮೆಯೇ ಆಗಬೇಕು, ಮತ್ತು 2 ಓಮ್ ಎಂಬುದು 3ಕ್ಕಿಂತಲೂ ಕಡಿಮೆ. ಅಕ್ಷರಗಳಲ್ಲಿ ಬರೆದರೆ (ಅ⁻¹ + ಬ⁻¹)⁻¹ = ಅಬ/(ಅ + ಬ). ಮೊದಲ ಪತ್ರದ ಉತ್ತರದ ಪಕ್ಕದಲ್ಲಿಟ್ಟು ನೋಡಿ, ಒಂದು ಚಿಹ್ನೆ ಬಿಟ್ಟರೆ ಎರಡೂ ಒಂದೇ ಮುಖ.

ಪ್ರಶ್ನೆ: ಅ⁻³ + ಅ⁻⁵ ಇದರಲ್ಲಿ ಸಾಮಾನ್ಯ ಅಪವರ್ತನ ಹೊರಗೆ ತೆಗೆಯಿರಿ ಎಂದಿದ್ದಾರೆ. ಚಿಕ್ಕ ಘಾತ ತೆಗೆಯಬೇಕು ಅಂತ ಅ⁻³ ತೆಗೆದೆ. ಒಳಗೆ ಮತ್ತೆ ಮೈನಸ್ ಉಳಿಯಿತು. ಕಲನಶಾಸ್ತ್ರದ ಲೆಕ್ಕಗಳಲ್ಲಿ ಇದು ಮತ್ತೆ ಮತ್ತೆ ಬರುತ್ತಿದೆ.

ಉತ್ತರ: ಚಿಕ್ಕ ಘಾತ ತೆಗೆಯಬೇಕು ಎಂಬುದು ಸರಿ. ಆದರೆ −3 ಮತ್ತು −5ರಲ್ಲಿ ಚಿಕ್ಕದು −5. ಸಂಖ್ಯಾರೇಖೆಯ ಮೇಲೆ ಎಡಕ್ಕಿರುವುದು ಚಿಕ್ಕದು. ಮೈನಸ್ ಕಂಡಾಗ ಕಣ್ಣು 3 ಮತ್ತು 5ನ್ನು ಮಾತ್ರ ಹೋಲಿಸಿಬಿಡುತ್ತದೆ, ತಪ್ಪಾಗುವುದು ಅಲ್ಲೇ.

ಅ⁻⁵ ತೆಗೆದರೆ ಒಳಗೆ ಏನು ಉಳಿಯುತ್ತದೆ? ಪ್ರತಿ ಪದದ ಘಾತದಿಂದ −5 ಕಳೆಯಿರಿ. −3 − (−5) = 2. −5 − (−5) = 0. ಅಂದರೆ ಅ⁻⁵(ಅ² + 1), ಅದೇ (ಅ² + 1)/ಅ⁵. ನೀವು ತೆಗೆದ ರೀತಿಯಲ್ಲಿ ಅ⁻³(1 + ಅ⁻²) ಬರುತ್ತದೆ. ಅದು ತಪ್ಪಲ್ಲ, ಆದರೆ ಕೆಲಸ ಅರ್ಧಕ್ಕೇ ನಿಂತಿದೆ.

ಕಲನದಲ್ಲಿ ಬರುವುದು ಹೆಚ್ಚಾಗಿ ಈ ರೀತಿ ಇರುತ್ತದೆ: ಅ(ಅ + 1)⁻² + (ಅ + 1)⁻¹. ಇಲ್ಲಿ ಕಂಸವನ್ನು ಒಡೆಯಲು ಹೋಗಬೇಡಿ, (ಅ + 1) ಎಂಬುದನ್ನೇ ಒಂದು ಅಕ್ಷರ ಎಂದುಕೊಳ್ಳಿ. ಚಿಕ್ಕ ಘಾತ −2. ಹೊರಗೆ (ಅ + 1)⁻² ತೆಗೆದರೆ ಒಳಗೆ ಅ + (ಅ + 1), ಅಂದರೆ 2ಅ + 1. ಉತ್ತರ (2ಅ + 1)/(ಅ + 1)². ಇದನ್ನೇ ಲ.ಸಾ.ಅ. ತೆಗೆದು ಕೂಡಿಸಿದರೂ ಅದೇ ಉತ್ತರ, ಆದರೆ ಘಾತಗಳು ದೊಡ್ಡದಾದಾಗ ಈ ದಾರಿಯೇ ಬೇಗ ಮುಗಿಯುತ್ತದೆ.

ಪ್ರಶ್ನೆ: ಕ್ಯಾಲ್ಕುಲೇಟರ್‌ನಲ್ಲಿ ಸೈನ್ ಮೇಲೆ ಮೈನಸ್ ಒಂದು ಎಂದು ಇರುತ್ತದೆ. ಅದೂ 1/ಸೈನ್ ತಾನೇ?

ಉತ್ತರ: ಅಲ್ಲ. ಅಲ್ಲಿನ −1 ಘಾತವೇ ಅಲ್ಲ, ಅದು ಹಿಮ್ಮುಖ ಪ್ರಶ್ನೆ: ಯಾವ ಕೋನದ ಸೈನ್ ಇಷ್ಟು? ಸೈನ್ 30° = 1/2, ಆದ್ದರಿಂದ 1/2 ಕೊಟ್ಟು ಆ ಗುಂಡಿ ಒತ್ತಿದರೆ 30° ಬರುತ್ತದೆ. 1/ಸೈನ್ 30° ಆದರೆ 2. ಈ ಬರವಣಿಗೆಯನ್ನು ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ 1813ರಲ್ಲಿ ಬಳಕೆಗೆ ತಂದರು. ಒಂದೇ ಗುರುತಿಗೆ ಎರಡು ಅರ್ಥ ಆಗಿ ಕಲಿಯುವವರಿಗೆ ಕಷ್ಟವಾಗಿರುವುದು ನಿಜ. ಗೊಂದಲ ಇದ್ದರೆ ಆರ್ಕ್‌ಸೈನ್ ಎಂದು ಬರೆಯಿರಿ, ಯಾರೂ ತಪ್ಪು ಎನ್ನುವುದಿಲ್ಲ.

ಪ್ರಶ್ನೆ: ನೀವು ಹೇಳಿದಂತೆ ಯಾವ ಲೆಕ್ಕ ಮಾಡಿದರೂ ಸಂಖ್ಯೆ ಹಾಕಿ ಪರೀಕ್ಷಿಸುವ ಅಭ್ಯಾಸ ಮಾಡಿಕೊಂಡಿದ್ದೇನೆ. (ಅ⁻¹ + ಬ⁻¹)/(ಅ⁻² − ಬ⁻²) = ಅಬ/(ಬ − ಅ) ಇದಕ್ಕೆ ಅ = 1, ಬ = −1 ಹಾಕಿದೆ. ಬಲಗಡೆ 1/2 ಬಂತು. ಎಡಗಡೆ ಕ್ಯಾಲ್ಕುಲೇಟರ್ ತಪ್ಪು ಎಂದು ತೋರಿಸುತ್ತದೆ. ಎರಡೂ ಸಮ ಅಂದಮೇಲೆ ಹೀಗೇಕೆ?

ಉತ್ತರ: ಕ್ಯಾಲ್ಕುಲೇಟರ್ ಕೆಟ್ಟಿಲ್ಲ. ಎಡಗಡೆ ಮೇಲೆ 1 + (−1) = 0, ಕೆಳಗೆ 1 − 1 = 0. ಸೊನ್ನೆಯಿಂದ ಭಾಗಿಸಲು ಬರುವುದಿಲ್ಲ, ಆದ್ದರಿಂದ ಆ ಜಾಗದಲ್ಲಿ ಎಡಗಡೆಗೆ ಬೆಲೆಯೇ ಇಲ್ಲ. ಬಲಗಡೆಗೆ ಇದೆ.

ಇದು ಆಗಿದ್ದು ನಾವು (ಬ + ಅ) ಹೊಡೆದುಹಾಕಿದ ಕ್ಷಣದಲ್ಲಿ. ಮೇಲೆ ಕೆಳಗೆ ಇರುವುದನ್ನು ಹೊಡೆದುಹಾಕುವುದು ಎಂದರೆ ಅದರಿಂದ ಭಾಗಿಸುವುದು, ಮತ್ತು ಅದು ಸೊನ್ನೆ ಅಲ್ಲದಿದ್ದರೆ ಮಾತ್ರ ಭಾಗಿಸಬಹುದು. ಬ = −ಅ ಆದಾಗ ಅದು ಸೊನ್ನೆ. ಆದ್ದರಿಂದ ಪೂರ್ತಿ ಉತ್ತರ ಬರೆಯುವುದು ಹೀಗೆ: ಅಬ/(ಬ − ಅ), ಆದರೆ ಅ ಸೊನ್ನೆ ಅಲ್ಲ, ಬ ಸೊನ್ನೆ ಅಲ್ಲ, ಬ ಮತ್ತು ಅ ಸಮ ಅಲ್ಲ, ಬ ಮತ್ತು −ಅ ಸಮ ಅಲ್ಲ. ಈ ನಾಲ್ಕರಲ್ಲಿ ಸುಲಭ ರೂಪವನ್ನು ನೋಡಿದರೆ ಕಾಣುವುದು ಒಂದೇ, ಬ = ಅ ಆಗಬಾರದು ಎಂಬುದು. ಉಳಿದ ಮೂರು ಕೊಟ್ಟ ಲೆಕ್ಕದಲ್ಲಿ ಮಾತ್ರ ಕಾಣುತ್ತವೆ. ಅ⁻¹ ಎಂದು ಬರೆದ ಕೂಡಲೇ ಅ ಸೊನ್ನೆ ಆಗಬಾರದು ಎಂದು ಬರೆದಂತೆಯೇ, ಯಾಕೆಂದರೆ 1/0 ಎಂಬುದಿಲ್ಲ. ಸುಲಭ ಮಾಡಿದ ಮೇಲೆ ಆ ಷರತ್ತು ಕಣ್ಣಿಗೆ ಬೀಳುವುದಿಲ್ಲ. ಹಾಗಾಗಿ ಷರತ್ತುಗಳನ್ನು ಲೆಕ್ಕ ಶುರು ಮಾಡುವ ಮುಂಚೆ, ಕೊಟ್ಟ ರೂಪವನ್ನು ನೋಡಿಯೇ ಬರೆದಿಡಬೇಕು.

ಪರೀಕ್ಷಿಸುವಾಗ ಸೊನ್ನೆ, 1, −1 ಇವುಗಳನ್ನು ಆದಷ್ಟು ಬಿಡಿ. ಈ ಸಲದ ಲೆಕ್ಕಗಳಲ್ಲಿ ನಾನು 1 ಹಾಕಿದ್ದು ಬೇಗ ಆಗಲಿ ಎಂದು. 1ರ ಯಾವ ಘಾತವೂ 1 ಆಗಿರುವುದರಿಂದ ಕೆಲವು ತಪ್ಪುಗಳು ಅದರಲ್ಲಿ ಅಡಗಿ ಹೋಗುತ್ತವೆ. 2, 3, 5 ಒಳ್ಳೆಯವು. ಅ = 2, ಬ = 3 ಹಾಕಿ ನೋಡಿ: ಎಡಗಡೆ ಮೇಲೆ 5/6, ಕೆಳಗೆ 1/4 − 1/9 = 5/36, ಭಾಗಿಸಿದರೆ 6. ಬಲಗಡೆ 6/(3 − 2), ಅದೂ 6.

ಅಭ್ಯಾಸಕ್ಕೆ ಒಂದು: (ಅ − ಅ⁻¹)/(1 + ಅ⁻¹). ಉತ್ತರ ಅ − 1 ಬರಬೇಕು. ಅದರ ಜೊತೆಗೆ ಅ ಗೆ ಯಾವ ಎರಡು ಬೆಲೆ ಕೊಡಬಾರದು ಎಂಬುದನ್ನೂ ಬರೆದು ಕಳಿಸಿ.